ಮ್ಯಾಲಿನ ಓಣಿಯ ತುಂಡು ಗೆರೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಬೆಳಿಗ್ಗೆ ಭಸ್ಮ, ಸಂಜೆ ಭಜನೆ, ಎಲ್ಲ ಆಶ್ರಮಗಳ ಹಾಗೆಯೇ. ನಡುವಿನ ಹೊತ್ತಿನಲ್ಲಿ ಮಾತ್ರ ಅಲ್ಲಿ ಕಂಪ್ಯೂಟರು ಹಚ್ಚಿಕೊಂಡು ನಕಾಶೆ ಮಾಡುತ್ತಿದ್ದರು.

ನಗಬೇಡಿ. ಅಲ್ಲಿಯ ಗುರುಗಳು ಪೂರ್ವಾಶ್ರಮದಲ್ಲಿ ನೀರಾವರಿ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದವರು. ಮನೆ ಬಿಟ್ಟರು, ಸಂಬಳ ಬಿಟ್ಟರು, ನಕಾಶೆ ಬಿಡಲಾಗಲಿಲ್ಲ. ಸುತ್ತಲಿನ ಊರಿನವರು ಅವರನ್ನು ನಕಾಶೆ ಅಪ್ಪಾರು ಎಂದೇ ಕರೆಯುತ್ತಿದ್ದರು.

ಶಿಷ್ಯರಿಗೆ ಅವರು ಕೊಟ್ಟ ಸಾಧನೆಯೂ ಅದೇ. ಎಂಜಿನಿಯರರು ಬರೆದ ಡ್ರಾಯಿಂಗಿನ ಫೈಲುಗಳನ್ನು ಬಿಚ್ಚಿ, ಊರಿನ ನಕಾಶೆಯ ಮೇಲೆ ಪದರ ಪದರವಾಗಿ ಕೂರಿಸುವುದು. ಮನೆಗಳದೊಂದು ಪದರ, ರಸ್ತೆಗಳದೊಂದು ಪದರ, ನೀರಿನ ಪೈಪಿನದೊಂದು ಪದರ.

ಕೇಳಲು ಸುಲಭ. ಆದರೆ ಎಂಜಿನಿಯರರ ಡ್ರಾಯಿಂಗಿಗೆ ತಾನು ಯಾವ ಊರಿನಲ್ಲಿದ್ದೇನೆ ಎನ್ನುವುದೇ ಗೊತ್ತಿರುವುದಿಲ್ಲ. ಅದರಲ್ಲಿ ಗೆರೆ ಬರೀ ಗೆರೆ. ಗೋಡೆಯೋ ಗಟಾರವೋ ಎಂದು ಬರೆದವನಿಗೆ ಗೊತ್ತು, ಗೆರೆಗೆ ಗೊತ್ತಿಲ್ಲ. ನಕಾಶೆಗೆ ಬಂದ ಮೇಲೆ ಅದು ತಾನು ಯಾರು, ಎಲ್ಲಿಯವನು ಎಂದು ಹೇಳಲೇಬೇಕು. ಹೇಳಿಸುವ ಕೆಲಸ ಶಿಷ್ಯನದು.

ಹೇಳಿಸಿದ್ದು ನಿಜವೇ ಎಂದು ನೋಡಲು ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಮಾಡಿದವನು ನಕಾಶೆ ಹಿಡಿದುಕೊಂಡು ಆ ಊರಿಗೆ ಹೋಗಬೇಕು, ಒಂದು ಓಣಿಯನ್ನೂ ಬಿಡದೆ ಕಾಲಿನಿಂದ ನಡೆದು ಬರಬೇಕು. ಬಂದ ಮೇಲೆ ಅಪ್ಪಾರು ಒಂದೇ ಮಾತು ಕೇಳುತ್ತಿದ್ದರು.

"ನಡದಿ?"

"ನಡದೀನ್ರಿ" ಎಂದರೆ ಸಹಿ ಬೀಳುತ್ತಿತ್ತು. ಎರಡನೆಯ ಪ್ರಶ್ನೆ ಇರಲಿಲ್ಲ.

ಶಿಷ್ಯರಲ್ಲಿ ಅಡಿವೆಪ್ಪನ ಕೈ ಬಲು ಚುರುಕು. ಉಳಿದವರು ವಾರಗಟ್ಟಲೆ ತಿಣುಕುವುದನ್ನು ಅವನು ಎರಡು ದಿನದಲ್ಲಿ ಮುಗಿಸಿ, ಕೈ ಕಟ್ಟಿಕೊಂಡು ಅವರನ್ನು ನೋಡುತ್ತ ನಿಲ್ಲುತ್ತಿದ್ದ. ನೋಡುವ ರೀತಿಯಲ್ಲಿ ಸ್ವಲ್ಪ ಕೊಬ್ಬು ಇತ್ತು, ಸುಳ್ಳೇಕೆ ಹೇಳಬೇಕು?

ಒಮ್ಮೆ ಸೀಗಿಕೊಪ್ಪದ ನೀರಿನ ಡ್ರಾಯಿಂಗು ಬಂತು. ತೆರೆದು ನೋಡಿದರೆ ಊರಿನ ಕೆಳಭಾಗದಲ್ಲಿ ಪೈಪಿನ ಗೆರೆಗಳು ನೆಟ್ಟಗೆ, ಅಖಂಡವಾಗಿ ಇದ್ದವು. ದಿಬ್ಬದ ಮೇಲಿನ ಓಣಿಯಲ್ಲಿ ಮಾತ್ರ ಗೆರೆ ಚೂರುಚೂರಾಗಿತ್ತು. ಒಂದು ಚೂರು, ಒಂದು ಸಂದು, ಮತ್ತೊಂದು ಚೂರು. ಚೀಲ ತೂತಾಗಿ ದಾರಿಯುದ್ದಕ್ಕೂ ಜೋಳ ಚೆಲ್ಲಿದ ಹಾಗೆ.

ಡ್ರಾಯಿಂಗು ನಕಾಶೆಗೆ ಬರುವಾಗ ಗೆರೆಗಳು ಹೀಗೆ ಒಡೆಯುವುದು ಉಂಟು. ಅಡಿವೆಪ್ಪ ಅಂಥವನ್ನು ಎಷ್ಟೋ ಸಲ ಕೂಡಿಸಿದ್ದ. ಇದೂ ಅದೇ ಕಾಟ ಎಂದುಕೊಂಡ. ಸಂದುಗಳನ್ನೆಲ್ಲ ಮುಚ್ಚಿದ. ಗೆರೆ ಒಂದಾಯಿತು, ನೀಲಿ ಬಣ್ಣ ಬಳಿದ, ಪಕ್ಕದಲ್ಲಿ "ನೀರಿನ ಪೈಪು" ಎಂದು ನಮೂದಿಸಿದ. ನೋಡಲು ಚೆಂದ ಕಂಡಿತು.

ಮರುದಿನ ಸೀಗಿಕೊಪ್ಪಕ್ಕೆ ಹೋದ. ಕೆಳಗಿನ ಓಣಿಗಳನ್ನು ನಡೆದ. ಎಲ್ಲ ಸರಿಯಾಗಿತ್ತು. ಮನೆ ಮನೆಗೆ ನಳ, ನಳದಲ್ಲಿ ನೀರು. ಮ್ಯಾಲಿನ ಓಣಿಗೆ ದಿಬ್ಬ ಹತ್ತಬೇಕಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು.

ಕೆಳಗೆ ಸರಿ ಇದ್ದದ್ದು ಮೇಲೆ ತಪ್ಪುತ್ತದೆಯೇ ಎಂದುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ಮರಳಿ ಬಂದ.

"ನಡದಿ?" ಎಂದರು ಅಪ್ಪಾರು.

"ನಡದೀನ್ರಿ."

ಸಹಿ ಬಿತ್ತು. ನಕಾಶೆ ತಾಲೂಕಿನ ನೀರಿನ ಕಚೇರಿಗೆ ಹೋಯಿತು. ಅಲ್ಲಿಯ ಎಂಜಿನಿಯರ್ ಸಾಹೇಬರು, "ಇಷ್ಟ ಸ್ವಚ್ಛ ಕೆಲಸಾ ನಾ ನೋಡಿಲ್ಲ. ಆ ಹುಡುಗನ್ನ ನಮ್ಮ ಕಚೇರಿಗೆ ಕಳಿಸ್ರಿ" ಎಂದು ಹೇಳಿ ಕಳಿಸಿದರು. ಅಡಿವೆಪ್ಪ ಆ ಮಾತನ್ನು ಕೇಳಿಸಿಕೊಳ್ಳದವನ ಹಾಗೆ ಕೇಳಿಸಿಕೊಂಡು ಹಿಗ್ಗಿದ.

ಬೇಸಿಗೆ ಬಂತು. ಒಂದು ಸೋಮವಾರ ಬೆಳಿಗ್ಗೆ ಸೀಗಿಕೊಪ್ಪದಿಂದ ಒಬ್ಬ ಹೆಣ್ಣುಮಗಳು ಆಶ್ರಮಕ್ಕೆ ಬಂದಳು. ಹೆಸರು ಫಕೀರವ್ವ. ಅಪ್ಪಾರ ಕಾಲಿಗೆರಗಿ, ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಳು. ಅಂಗೈ ತುಂಬ ಗುಳ್ಳೆ ಎದ್ದಿದ್ದವು.

"ಅಪ್ಪಾರ, ನಮ್ಮ ಮ್ಯಾಲಿನ ಓಣ್ಯಾಗಿನ ಪೈಪು ಎಲ್ಲಿ ಹೂತೈತ್ರಿ?"

"ಯಾಕವಾ, ಏನಾತು?"

"ನಮಗ ನಳ ಇಲ್ರಿ. ಹುಟ್ಟಿದಾಗಿಂದ ಹೊಳಿ ನೀರು ಹೊತ್ತು ಸಾಕಾಗೇತಿ. ಈ ವರ್ಷ ಹೊಸಾ ಪೈಪು ಹಾಕ್ತಾರಂತ ಕಚೇರಿಗೆ ಹೋಗಿ ಕೇಳಿದ್ವಿ. ಸಾಹೇಬ್ರು ನಕಾಶೆ ತಗದು ತೋರ್ಸಿದ್ರು. 'ನಿಮ್ಮ ಓಣ್ಯಾಗ ಪೈಪು ಮೊದಲ ಐತಲ್ಲ, ನೋಡ್ರಿಲ್ಲೆ ನೀಲಿ ಗೆರಿ' ಅಂದ್ರು."

ಅಡಿವೆಪ್ಪ ಕಂಪ್ಯೂಟರಿನ ಮುಂದೆ ಕುಳಿತಿದ್ದ. ತಿರುಗಿ ನೋಡಲಿಲ್ಲ.

"ಮಣ್ಣಾಗ ಹೂತು ಹೋಗಿರಬೇಕು, ಹುಡುಕ್ರಿ ಅಂದ್ರು," ಎಂದಳು ಫಕೀರವ್ವ. "ನಮ್ಮ ಆಶ್ರಮದ ನಕಾಶೆ ಸುಳ್ಳ ಹೇಳ್ತೈತೇನ್ರಿ? ಓಣಿ ಮಂದೆಲ್ಲಾ ಕೂಡಿ ತೋಡಾಕತ್ತೀವಿ. ಸಿಗವಲ್ದು. ಸರಿಯಾದ ಜಾಗಾದಾಗ ತೋಡಿಲ್ಲ ಅಂತಾರ. ಗುರುವಾರ ಕಚೇರ್ಯಾಗ ಸಭಾ ಐತ್ರಿ, ಯಾವ ಓಣಿಗೆ ಹಾಕಬೇಕು ಅಂತ ಅವತ್ತು ಬರಕೊಂತಾರ. ಅಷ್ಟರಾಗ ಹಳೇ ಪೈಪರ ಸಿಗಬೇಕು, ಇಲ್ಲಾ ನಮ್ಮ ಓಣಿ ಹೆಸರರ ಹತ್ತಬೇಕು. ತಪ್ಪಿದ್ರ ಮತ್ತ ಯಾವ ಕಾಲಕ್ಕೋ."

ಅಡಿವೆಪ್ಪನಿಗೆ ಆಗ ನೆನಪಾಯಿತು. ಅಪ್ಪಾರು ಮೊದಲ ಪಾಠದಲ್ಲೇ ಹೇಳಿದ್ದರು. ಎಂಜಿನಿಯರ್ ಅಖಂಡ ಗೆರೆ ಎಳೆದರೆ ಆ ಪೈಪು ನೆಲದಲ್ಲಿ ಇದೆ. ಬೇಕೆಂದೇ ತುಂಡು ತುಂಡಾಗಿ ಎಳೆದರೆ ಅದು ಇನ್ನೂ ಇಲ್ಲ, ಮುಂದೆ ಹಾಕಬೇಕು.

ಮ್ಯಾಲಿನ ಓಣಿಯ ಗೆರೆ ಒಡೆದಿರಲಿಲ್ಲ. ಅದು ಇದ್ದದ್ದೇ ಹಾಗೆ.

ಅಪ್ಪಾರು ಅಡಿವೆಪ್ಪನ ಕಡೆ ತಿರುಗಿದರು. ಬಹಳ ಹೊತ್ತು ಅವನ ಬೆನ್ನು ನೋಡಿದರು.

"ತಮ್ಮಾ, ಈ ನಕಾಶೆ ನಿಂದಲ್ಲ?"

"ಹೌದ್ರಿ."

"ಓಣಿ ನಡದೀ ಅಲ್ಲ?"

ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಹೌದು ಎನ್ನಲೂ ಹೊರಳಲಿಲ್ಲ. ಅವನು ತಲೆ ಆಡಿಸಿದ. ಯಾವ ಕಡೆಗೆ ಆಡಿಸಿದ ಎನ್ನುವುದು ಅವನಿಗೇ ಗೊತ್ತಾಗದ ಹಾಗೆ ಆಡಿಸಿದ.

ಅಪ್ಪಾರು ಎದ್ದು ಹೋಗಿ ಹಿತ್ತಲಿನಿಂದ ಒಂದು ಗುದ್ದಲಿ ತಂದು ಅವನ ಮುಂದಿಟ್ಟರು.

"ಹಂಗಾದ್ರ ಈ ಯವ್ವನ ಸಂಗಾಟ ಹೋಗು. ಪೈಪು ಎಲ್ಲೈತಿ ತೋರ್ಸಿ ಬಾ."

ದಾರಿಯುದ್ದಕ್ಕೂ ಫಕೀರವ್ವ ಅವನನ್ನು ಹರಸುತ್ತ ನಡೆದಳು. ನಿನ್ನ ಹೊಟ್ಟಿ ತಣ್ಣಗಿರಲಿ, ನಿನ್ನ ಕೈಗುಣ ಚಲೋ ಇರಲಿ ಎನ್ನುತ್ತಿದ್ದಳು. ಒಂದೊಂದು ಹರಕೆಗೂ ಅಡಿವೆಪ್ಪನ ಹೆಜ್ಜೆ ಭಾರವಾಗುತ್ತ ಹೋಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ದಿಬ್ಬ ಹತ್ತಿದ ಮೇಲೆ ಮ್ಯಾಲಿನ ಓಣಿಯನ್ನು ಮೊದಲ ಸಲ ಕಂಡ. ಒಂದು ನಳವಿಲ್ಲ. ಬಾಗಿಲ ಬಾಗಿಲಿಗೂ ಖಾಲಿ ಕೊಡ. ಇಲ್ಲಿಗೆ ಬಂದು ಒಂದು ಸಲ ಕಣ್ಣು ಹಾಯಿಸಿದ್ದರೂ ಸಾಕಿತ್ತು, ಪೈಪಿಲ್ಲ ಎಂದು ಕೂಸಿಗೂ ತಿಳಿಯುತ್ತಿತ್ತು.

ಓಣಿಯಲ್ಲಿ ಅಲ್ಲಲ್ಲಿ ಗುಂಡಿ ತೋಡಿದ್ದರು. ಅವನನ್ನು ಕಂಡು ಎಲ್ಲರೂ ಗುದ್ದಲಿ ಕೆಳಗಿಟ್ಟರು.

"ನಕಾಶೆ ಮಾಡಿದವ ಬಂದಾನ. ಇನ್ನ ಚಿಂತಿಲ್ಲ ಬಿಡ್ರಿ," ಎಂದ ದ್ಯಾಮಣ್ಣ ಎಂಬ ಮುದುಕ. "ಎಲ್ಲಿ ತೋಡೂಣು ಹೇಳಪಾ."

ಆಗ ಹೇಳಬಹುದಿತ್ತು. ಎರಡೇ ಮಾತು. ಪೈಪಿಲ್ಲ, ತಪ್ಪು ನನ್ನದು.

ಅಡಿವೆಪ್ಪ ಸುತ್ತಲಿನ ಮುಖಗಳನ್ನು ನೋಡಿದ. ಆಮೇಲೆ ಕೈ ಎತ್ತಿ, ನಕಾಶೆಯಲ್ಲಿ ತಾನು ಕೂಡಿಸಿದ ಗೆರೆ ಎಲ್ಲಿತ್ತೋ ಅಲ್ಲಿಗೆ ಬೆರಳು ಮಾಡಿ ತೋರಿಸಿದ.

"ಇಲ್ಲೆ. ಓಣಿಯ ಎಡಕ್ಕ, ಕಟ್ಟೀ ಗುಂಟ."

ಎಲ್ಲರೂ ಅಲ್ಲಿಗೆ ಹೋಗಿ ಅಗೆಯತೊಡಗಿದರು. ಅವನೂ ಅಗೆದ. ಎಲ್ಲರಿಗಿಂತ ಜೋರಾಗಿ ಅಗೆದ. ಬೆವರು ಕಣ್ಣಿಗಿಳಿಯಿತು. ಅದು ಒಳ್ಳೆಯದೇ ಆಯಿತು, ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ನಡುಮಧ್ಯಾಹ್ನ ಫಕೀರವ್ವ ತಂಬಿಗೆಯಲ್ಲಿ ನೀರು ತಂದಳು.

"ಕುಡಿ ತಮ್ಮಾ. ಹೊಳ್ಯಾಗಿಂದು, ಸೋಸಿ ತಂದೀನಿ."

"ಒಲ್ಲೆಬೇ. ನೀರಡಿಕಿಲ್ಲ."

ಗಂಟಲು ಒಣಗಿ ಮಾತು ಅರ್ಧಕ್ಕೇ ನಿಂತಿತು. ಫಕೀರವ್ವ ನಕ್ಕು, ತಂಬಿಗೆಯನ್ನು ಅವನ ಕೈಗೇ ಕೊಟ್ಟು ಹೋದಳು. ಅವನು ಕುಡಿದ. ಅಷ್ಟು ನಾಚಿಕೆಯಿಂದ ಅವನು ಹಿಂದೆಂದೂ ನೀರು ಕುಡಿದಿರಲಿಲ್ಲ.

ಸಂಜೆ ಆಶ್ರಮಕ್ಕೆ ಬಂದಾಗ ಅಪ್ಪಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಸಿಕ್ಕಿತೇನು?"

"ಇಲ್ರಿ."

"ಎಷ್ಟು ಆಳ ತೋಡಿದ್ರಿ?"

"ಮೊಣಕಾಲ ಮಟ."

ಅಪ್ಪಾರು ಸ್ವಲ್ಪ ಹೊತ್ತು ಕಾದರು. ಅಡಿವೆಪ್ಪ ಕಾಲ ಬೆರಳಿನಿಂದ ಮೆಟ್ಟಿಲ ಕಲ್ಲನ್ನು ಕೆರೆಯುತ್ತ ನಿಂತಿದ್ದ.

"ಹಂಗಾದ್ರ ನಾಳೆ ಸೊಂಟದ ಮಟ ತೋಡ್ರಿ," ಎಂದರು ಅಪ್ಪಾರು.

ಮಂಗಳವಾರ ಸೊಂಟದ ಮಟ್ಟ ತೋಡಿದರು. ಓಣಿಯ ಅರ್ಧದ ತನಕ ಉದ್ದನೆಯ ತಗ್ಗು ಬಾಯಿ ತೆರೆದು ಮಲಗಿತು. ಗಂಡಸರು ತಗ್ಗಿನಲ್ಲಿ, ಹೆಣ್ಣುಮಕ್ಕಳು ಮಣ್ಣಿನ ಬುಟ್ಟಿ ಹೊತ್ತು ಮೇಲೆ. ಹೊಲದ ಕೆಲಸ ಬಿಟ್ಟಿದ್ದರು, ಕೂಲಿ ಬಿಟ್ಟಿದ್ದರು. ದ್ಯಾಮಣ್ಣ ಎರಡು ಏಟಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

"ನೀ ಕೂತ್ಕೋ ಕಾಕಾ," ಎಂದ ಅಡಿವೆಪ್ಪ.

"ಕೂಡ್ತೀನಿ. ನೀರ ಬಂದಿಂದ ಕೂಡೂದ ಐತಿ," ಎಂದ ಮುದುಕ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದ್ಯಾಮಣ್ಣನ ಹಾರೆ ಏನಕ್ಕೋ ಬಡಿದು ಟಣ್ ಎಂದಿತು.

ಎಲ್ಲರೂ ನಿಂತರು. ಮುದುಕ ಇನ್ನೊಮ್ಮೆ ಹಾಕಿದ. ಟಣ್.

"ಸಿಕ್ತು!" ಎಂದು ಯಾರೋ ಕೂಗಿದರು. ಆ ಕೂಗು ಓಣಿಯ ತುದಿಯ ತನಕ ಓಡಿತು. ಮನೆಯೊಳಗಿದ್ದವರು ಹೊರಗೆ ಬಂದರು. ಬುಟ್ಟಿ ಹೊತ್ತವರು ಬುಟ್ಟಿ ಚೆಲ್ಲಿದರು. ಫಕೀರವ್ವ ಮನೆಗೆ ಓಡಿದಳು.

ಅಡಿವೆಪ್ಪನೂ ಒಂದು ಗಳಿಗೆ ನಂಬಿಬಿಟ್ಟ. ನೋಡಿ ಅವನ ಪಾಡು. ತಾನೇ ಹುಟ್ಟಿಸಿದ ಸುಳ್ಳು ನಿಜವಾಗಿ ನೆಲದಿಂದ ಎದ್ದು ಬಂದೀತು ಎಂದು ಆಸೆಪಟ್ಟ. ದೇವರೇ, ಅಲ್ಲೊಂದು ಪೈಪು ಇರಲಿ, ತುಕ್ಕು ಹಿಡಿದದ್ದಾದರೂ ಇರಲಿ ಎಂದು ಬೇಡಿಕೊಂಡ.

ಮಂಡಿಯೂರಿ ಕೈಯಿಂದಲೇ ಮಣ್ಣು ಬಳಿದ. ಕರಿಕಲ್ಲು. ಬರೀ ಕಲ್ಲು.

ತಲೆ ಎತ್ತಿದರೆ ತಗ್ಗಿನ ಅಂಚಿಗೆ ಫಕೀರವ್ವ ನಿಂತಿದ್ದಳು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಒಂದು ತೆಂಗಿನಕಾಯಿ. ನೀರಿನ ದೇವತೆ ಗಂಗವ್ವ ಮನೆಗೆ ಬಂದಳೆಂದು ಪೂಜೆಗೆ ತಂದಿದ್ದಳು. ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದಳು.

ಮನುಷ್ಯನಿಗೆ ನಾಚಿಕೆಯಾದಾಗ ಭೂಮಿ ಬಾಯಿ ತೆರೆಯಬಾರದೇ ಅನ್ನಿಸುತ್ತದಂತೆ. ಅಡಿವೆಪ್ಪನಿಗೆ ಹಾಗೆ ಬೇಡಿಕೊಳ್ಳುವ ಸುಖವೂ ಇರಲಿಲ್ಲ. ಭೂಮಿ ಆಗಲೇ ಬಾಯಿ ತೆರೆದಿತ್ತು, ಅವನು ಅದರೊಳಗೇ ನಿಂತಿದ್ದ.

"ಯವ್ವಾ," ಎಂದ. "ಪೈಪಿಲ್ಲ."

"ಇನ್ನೂ ಕೆಳಗ ಐತೇನು?"

"ಎಲ್ಲೂ ಇಲ್ಲ. ಯಾವಾಗೂ ಇರಲಿಲ್ಲ. ಇಲ್ಲಿ ಪೈಪು ಹಾಕಬೇಕು ಅಂತ ಎಂಜಿನಿಯರು ತುಂಡು ಗೆರಿ ಎಳದಿದ್ರು. ನಾ ಅದು ಒಡದೈತಿ ಅಂತ ತಿಳದು ಕೂಡಿಸಿಬಿಟ್ಟೆ. ಈ ಓಣಿಗೆ ನಾ ಬಂದೇ ಇಲ್ಲ. ಬಂದೀನಿ ಅಂತ ಸುಳ್ಳ ಹೇಳಿದೆ."

ದ್ಯಾಮಣ್ಣ ಹಾರೆಯನ್ನು ಮೆಲ್ಲಗೆ ಮಣ್ಣಿಗೆ ಒರಗಿಸಿದ.

"ನಿನ್ನೆ ಇಲ್ಲೇ ತೋಡ್ರಿ ಅಂತ ತೋರ್ಸಿದೆಲ್ಲ," ಎಂದಳು ಫಕೀರವ್ವ. "ನಿನ್ನೆ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ಮತ್ಯಾಕ ತೋರ್ಸಿದಿ?"

"ನಾಚಿಕಿ ಆತಬೇ. ಹೇಳಾಕ ಬಾಯಿ ಬರಲಿಲ್ಲ."

ಫಕೀರವ್ವ ತಗ್ಗಿನ ಈ ತುದಿಯಿಂದ ಆ ತುದಿಯ ತನಕ ನೋಡಿದಳು.

"ಅಬಬಬ," ಎಂದಳು. "ಎಷ್ಟುದ್ದ ಐತೋ ತಮ್ಮಾ ನಿನ್ನ ನಾಚಿಕಿ."

ಕುಂಕುಮದ ತಟ್ಟೆಗೆ ಸೆರಗು ಮುಚ್ಚಿಕೊಂಡು ಮನೆಯೊಳಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬೈಯಲಿಲ್ಲ, ಹೊಡೆಯಲಿಲ್ಲ. ಹೆಣ್ಣುಮಕ್ಕಳು ಕೊಡ ಎತ್ತಿಕೊಂಡು ಹೊಳೆಯ ಕಡೆ ಇಳಿದರು, ಹೊತ್ತು ಮುಳುಗುವುದರೊಳಗೆ ನೀರು ತರಬೇಕಾಗಿತ್ತು.

ಅಡಿವೆಪ್ಪ ಗುದ್ದಲಿ ಎಳೆದುಕೊಂಡು ಆಶ್ರಮಕ್ಕೆ ಬಂದ. ಅಪ್ಪಾರು ಅದೇ ಮೆಟ್ಟಿಲ ಮೇಲಿದ್ದರು.

"ಅಪ್ಪಾರ, ನಾ ನಡದಿರಲಿಲ್ರಿ."

"ಹೂಂ."

"ನಿಮಗ ಗೊತ್ತಿತ್ತೇನ್ರಿ?"

"ಆ ಯವ್ವ ಬಂದು ಕೇಳಿದಾಗ ನೀ ಹೊಳ್ಳಿ ನೋಡಲಿಲ್ಲ. ಆವಾಗ ಗೊತ್ತಾತು."

"ಗೊತ್ತಿದ್ದೂ ಗುದ್ದಲಿ ಕೊಟ್ಟು ಕಳಿಸಿದ್ರೇನ್ರಿ?"

"ಮೊದಲನೇ ಬುಟ್ಟಿ ಮಣ್ಣು ಎತ್ತೂದ್ರಾಗ ಹೇಳ್ತಿ ಅಂದ್ಕೊಂಡಿದ್ದೆ."

ಅಡಿವೆಪ್ಪ ತಲೆ ತಗ್ಗಿಸಿದ.

"ಸಂಜೀಗೆ ಬಂದರ ಹೇಳ್ತಿ ಅಂದ್ಕೊಂಡೆ," ಎಂದರು ಅಪ್ಪಾರು. "ನನ್ನ ಲೆಕ್ಕಾ ಎರಡೂ ಸಲ ತಪ್ಪಿತು. ನಿನ್ನ ಬಾಯಿ ತೆರೀಲಿ ಅಂತ ಆ ಮಂದಿ ಕೈಗೆ ಗುಳ್ಳಿ ಎಬ್ಬಿಸಿದೆ. ಒಂದ ಮಾತು ಕೇಳಿ ಸಹಿ ಹಾಕಿದವನೂ ನಾನ. ನಾಳೆ ಹೋಗಿ ಅವರಿಗೆ ಕೈ ಮುಗೀತೀನಿ. ಅದು ನನ್ನ ಪಾಲಿಂದು."

"ನನ್ನ ಪಾಲಿಂದ್ರಿ?"

"ನಕಾಶೆ ಸರಿ ಮಾಡು. ಗುರುವಾರ ಸಭಾಕ್ಕ ಒಯ್ಯಿ. ಹಿಂದಿನದು ಯಾಕ ತಪ್ಪಿತ್ತು ಅಂತ ಹೇಳಿ ಬಾ."

"ಎಲ್ಲಾರ ಮುಂದೇನ್ರಿ?"

"ತಪ್ಪು ನಕಾಶೆ ಎಲ್ಲಾರ ಮುಂದೈತಿ."

ಬುಧವಾರ ಅಡಿವೆಪ್ಪ ಕಂಪ್ಯೂಟರಿನ ಮುಂದೆ ಕುಳಿತು ತಾನು ಕೂಡಿಸಿದ ಗೆರೆಯನ್ನು ತೆಗೆದುಹಾಕಿದ. ಎಂಜಿನಿಯರರ ಮೂಲ ಗೆರೆಯನ್ನು ತುಂಡು ತುಂಡಾಗಿಯೇ ತಂದು ಕೂರಿಸಿದ. "ನೀರಿನ ಪೈಪು" ಎಂದಿದ್ದಲ್ಲಿ "ಪೈಪು ಇಲ್ಲ, ಹಾಕಬೇಕು" ಎಂದು ನಮೂದಿಸಿದ. ಕೆಲಸ ಅಷ್ಟೇ. ಎದ್ದು ನೋಡಿದರೆ ಇನ್ನೂ ಬೆಳಗಿನ ಹೊತ್ತೇ ಇತ್ತು.

ಆಮೇಲೆ ನಕಾಶೆ ಹಿಡಿದು ಅಪ್ಪಾರ ಹಿಂದೆ ಸೀಗಿಕೊಪ್ಪಕ್ಕೆ ಹೋದ. ಮ್ಯಾಲಿನ ಓಣಿಯನ್ನು ಈ ತುದಿಯಿಂದ ಆ ತುದಿಗೆ ನಡೆದ. ಅಪ್ಪಾರು ಒಂದೊಂದು ಬಾಗಿಲಿಗೂ ನಿಂತು ಕೈ ಮುಗಿದರು. ಮಂದಿ ಗಾಬರಿಯಾಗಿ, "ನೀವ್ಯಾಕ್ರಿ ಅಪ್ಪಾರ, ನೀವು ಮುಗೀಬಾರದು" ಎಂದು ಅವರ ಕೈ ಹಿಡಿದುಕೊಂಡರು. ಹಿಂದೆ ನಿಂತಿದ್ದ ಅಡಿವೆಪ್ಪನನ್ನು ಯಾರೂ ನೋಡಲಿಲ್ಲ. ನೋಡದೆ ಇದ್ದದ್ದು ಅವನ ಮೈಯೆಲ್ಲ ಚುಚ್ಚಿತು.

ಗುರುವಾರ ಬೆಳಿಗ್ಗೆ ಸರಿಯಾದ ನಕಾಶೆಯನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೊರಟ. ಸಭೆ ಮಧ್ಯಾಹ್ನಕ್ಕೆ. ಕ್ರಾಸಿನಲ್ಲಿ ತಾಲೂಕಿನ ಬಸ್ಸು ಹತ್ತಬೇಕು.

ಕ್ರಾಸಿಗೆ ಬಂದು ನಿಂತಾಗ ಸಭೆ ಕಣ್ಣ ಮುಂದೆ ಕಟ್ಟಿತು. ಉದ್ದನೆಯ ಮೇಜು. ಸುತ್ತಲೂ ಸಾಹೇಬರು. ಇಷ್ಟು ಸ್ವಚ್ಛ ಕೆಲಸ ನೋಡಿಲ್ಲ ಎಂದಿದ್ದ ಆ ಎಂಜಿನಿಯರು. ಅವರ ಎದುರಿಗೆ ನಿಂತು, ನಾನು ದಿಬ್ಬ ಹತ್ತಲಿಲ್ಲ, ಚಹಾ ಕುಡಿದು ಬಂದು ಸುಳ್ಳು ಹೇಳಿದೆ ಎನ್ನಬೇಕು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಾಗಿಲ ಬಳಿಯ ಜವಾನನೂ ನಗುತ್ತಾನೆ.

ಬಸ್ಸು ಬಂತು. ಅವನು ಹತ್ತಲಿಲ್ಲ.

ಆ ತಗ್ಗು ಹಾಗೇ ತೆರೆದು ಬಿದ್ದಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದನ ಬಿದ್ದಾವು. ಮುದುಕರು ಎಡವಿಯಾರು. ಆ ಮಂದಿಯ ಕೈಯಿಂದ ತೋಡಿಸಿದ್ದನ್ನು ನನ್ನ ಕೈಯಿಂದಲೇ ಮುಚ್ಚಬೇಕು, ಅದೇ ನನಗೆ ತಕ್ಕ ಪ್ರಾಯಶ್ಚಿತ್ತ. ಮುಂದಿನ ಬಸ್ಸು ಇದ್ದೇ ಇದೆ. ಮನಸ್ಸು ಹೇಳಿಕೊಡುವ ಕಾರಣಗಳಿಗೆ ಏನು ಕೊರತೆ?

ಸೀಗಿಕೊಪ್ಪದ ಹಾದಿ ಹಿಡಿದ.

ನಕಾಶೆಯ ಸುರುಳಿಯನ್ನು ಒಂದು ಕಟ್ಟೆಯ ಮೇಲಿಟ್ಟು, ದ್ಯಾಮಣ್ಣನ ಮನೆಯ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು, ಮಣ್ಣನ್ನು ತಗ್ಗಿಗೆ ತಳ್ಳತೊಡಗಿದ. ಗುಳ್ಳೆ ಒಡೆದು ಅಂಗೈ ಉರಿಯಿತು. ಉರಿದಷ್ಟೂ ಮನಸ್ಸಿಗೆ ಹಗುರವಾದ ಹಾಗಾಯಿತು. ಇನ್ನೂ ಜೋರಾಗಿ ತಳ್ಳಿದ.

ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು.

"ಯಾಕ ಮುಚ್ಚಾಕತ್ತಿ?" ಎಂದು ಫಕೀರವ್ವ ಕೇಳಿದಳು.

ಅವನು ಇನ್ನೊಂದು ಸಲಿಕೆ ಮಣ್ಣು ತಳ್ಳಿದ. ಅವಳು ಕಟ್ಟೆಯ ಮೇಲಿನ ಸುರುಳಿಯನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗದೆ ಹೊಸ್ತಿಲಲ್ಲೇ ಕುಳಿತಳು.

ಇನ್ನೊಂದು ಬಸ್ಸು ಹಾರನ್ ಹಾಕುತ್ತ ದಿಬ್ಬದ ಕೆಳಗೆ ಹಾದು ಹೋಯಿತು. ಅಡಿವೆಪ್ಪ ಕೇಳಿಸಿಕೊಂಡ. ಸಲಿಕೆ ನಿಲ್ಲಿಸಲಿಲ್ಲ.

ಬಿಸಿಲು ಏರುತ್ತಿದ್ದ ಹಾಗೆ ಮಣ್ಣಿನ ಮೇಲೆ ಒಂದು ನೆರಳು ಬಿತ್ತು. ತಲೆ ಎತ್ತಿದ. ಅಪ್ಪಾರು ದಿಬ್ಬ ಹತ್ತಿ ಬಂದು ಏದುಸಿರು ಬಿಡುತ್ತ ನಿಂತಿದ್ದರು.

"ಏನ ಮಾಡಾಕತ್ತಿ?"

"ತೆಗ್ಗು ಮುಚ್ಚಾಕತ್ತೀನ್ರಿ."

"ಮುಚ್ಚು ಅಂತ ಯಾರರ ಹೇಳಿದ್ರೇನು?"

"ಇಲ್ರಿ. ನಾ ಮಾಡಿದ ತಪ್ಪು, ನಾನ ಮುಚ್ಚಬೇಕ್ರಿ. ನೋಡಿದಷ್ಟೂ ನಾಚಿಕಿ ಆಕ್ಕೈತ್ರಿ ಅಪ್ಪಾರ. ಇದು ಮುಚ್ಚೂತನಕ ನನಗ ಸಮಾಧಾನ ಇಲ್ಲ."

"ಸಭಾ ಎಷ್ಟೊತ್ತಿಗೈತಿ?"

ಅಡಿವೆಪ್ಪ ಸಲಿಕೆಯ ಹಿಡಿಯನ್ನು ನೋಡುತ್ತ ನಿಂತ.

"ಮಧ್ಯಾಹ್ನಕ್ರಿ."

ಅಪ್ಪಾರು ಬಗ್ಗಿ, ಅವನ ಕೈಯಿಂದ ಸಲಿಕೆಯನ್ನು ಬಿಡಿಸಿಕೊಂಡರು. ಕಟ್ಟೆಯ ಮೇಲಿದ್ದ ಸುರುಳಿಯನ್ನು ತಂದು ಅದೇ ಕೈಯಲ್ಲಿಟ್ಟರು. ಅವನ ರಕ್ತ ಕಾಗದಕ್ಕೆ ಹತ್ತಿತು.

"ನಿನ್ನ ನಾಚಿಕಿ ಸಲುವಾಗಿ ಮೊನ್ನೆ ಇವರ ಕೈಲೆ ತೋಡ್ಸಿದಿ. ನಿನ್ನ ನಾಚಿಕಿ ಸಲುವಾಗಿ ಇವತ್ತು ಮುಚ್ಚಾಕತ್ತಿ," ಎಂದರು ಅಪ್ಪಾರು. "ಇವರು ಕೇಳಿದ್ದು ನೀರು, ತಮ್ಮಾ."